ಲಕ್ಕಮ್ಮನ ಊರಿನ ಬಾಡಿಗೆ



ಕಳೆದ ತಿಂಗಳು ಅಕ್ಕಲಕೋಟೆ ಕಡೆಯ ಒಂದು ಕುಟುಂಬ ನಮ್ಮ ಕಚೇರಿಗೆ ಬಂದಿತ್ತು. ಗಂಡ, ಹೆಂಡತಿ, ಕಾಲೇಜು ಓದುವ ಮಗಳು ಮತ್ತು ಮೊಣಕಾಲು ನೋವಿನ ಅಜ್ಜಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಮಂದಿ. ಬಹಳ ವರ್ಷಗಳಿಂದ ಈ ಪತ್ರಿಕೆಯ ಚಂದಾದಾರರು. ಕೂಡಲಸಂಗಮ ನೋಡಿಕೊಂಡು ಬಸ್ಸಿನಲ್ಲಿ ಈ ಕಡೆ ಬಂದು, ಗುರುಗುಂಟಾದ ಅಮರೇಶ್ವರಕ್ಕೆ ಹೋಗಿ, ಊರಿಗೆ ಮರಳುವ ಮುನ್ನ ನಮ್ಮನ್ನು ಮಾತನಾಡಿಸಲು ಬಂದಿದ್ದರು. ಅಮರೇಶ್ವರ ಅಜ್ಜಿಯ ಬಹುದಿನದ ಆಸೆ. ಗುಡಿಯ ದರ್ಶನಕ್ಕಿಂತಲೂ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಮೂಲಸ್ಥಳ ಎಂಬ ಆ ನೆಲವನ್ನು ಒಮ್ಮೆ ತುಳಿದು ಬರಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು.

"ಹೆಂಗಾತು ಅಮ್ಮಾ, ನೋಡಿದ್ರೇನು?" ಎಂದು ಕೇಳಿದೆ. ಅಜ್ಜಿ ನಕ್ಕರು. "ನೋಡಿದ್ವಿ ಸರ. ಲಕ್ಕಮ್ಮನ ಊರಿಗೆ ಬಂದು ಹೆಚ್ಚಿನ ಅಕ್ಕಿ ನಾವೇ ಸುರುವಿ ಹೋದಂಗಾತು" ಎಂದರು. ಮಗ "ಇರ್ಲಿ ಬಿಡವ್ವಾ" ಎಂದು ತಡೆಯಲು ನೋಡಿದ. ನಾನು ಬಿಡಲಿಲ್ಲ, ಪೂರ್ತಿ ಹೇಳಿಸಿದೆ.

ನಡೆದದ್ದು ಇಷ್ಟು. ನಮ್ಮ ಸೀಮೆಯ ಒಂದು ಬಸ್ ನಿಲ್ದಾಣದ ಹೊರಗೆ ಆಟೋ ವಿಚಾರಿಸಿದ್ದಾರೆ. ಅಮರೇಶ್ವರಕ್ಕೆ ಹೋಗಿ ಬರಲು 600 ರೂಪಾಯಿ ಎಂದು ಚಾಲಕ ಹೇಳಿದ್ದಾನೆ, ಇವರು ಚೌಕಾಸಿ ಮಾಡದೆ ಒಪ್ಪಿದ್ದಾರೆ. ಚೀಲಗಳನ್ನು ಹಿಂದೆ ತುಂಬಿ, ಅಜ್ಜಿಯನ್ನು ಕೈಹಿಡಿದು ಹತ್ತಿಸಿದ್ದೂ ಅವನೇ. ಎಲ್ಲ ನೋಡಿ ಮುಗಿಸಿ ಬಂದ ಮೇಲೆ ಮಾತು ಬದಲಾಗಿದೆ. ಆರುನೂರು ಒಂದು ಬದಿಯದು, ವಾಪಸ್ಸಿಗೆ ಬೇರೆ ಆರುನೂರು, ಕಾಯ್ದದ್ದಕ್ಕೆ ಮುನ್ನೂರು. ಒಟ್ಟು 1,500. ಒಲ್ಲೆ ಎಂದರೆ ಚೀಲ ಇಳಿಸಿಕೊಳ್ಳಿ ಎಂದನಂತೆ. ಮಟಮಟ ಮಧ್ಯಾಹ್ನ, ಹತ್ತಿರ ಬೇರೆ ಗಾಡಿ ಇಲ್ಲ, ಅಜ್ಜಿಗೆ ನಡೆಯಲಾಗದು. ಕೊಟ್ಟಿದ್ದಾರೆ.

ಹೆಚ್ಚು ಕೊಟ್ಟದ್ದು 900 ರೂಪಾಯಿ. ಇಷ್ಟಕ್ಕೆ ಸಂಪಾದಕೀಯ ಬರೆಯಬೇಕೆ ಎಂದು ನಮ್ಮವರೇ ಒಬ್ಬರು ಕೇಳಿದರು. ಬರೆಯಬೇಕು. ದುಬಾರಿ ಬಾಡಿಗೆ ಒಂದು ವಿಷಯ, ಕೊಟ್ಟ ಮಾತು ನಡುದಾರಿಯಲ್ಲಿ ತಿರುಗುವುದು ಬೇರೆಯೇ ವಿಷಯ. ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ಜನ ನಾವು. ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಹೊಳೆ ದಾಟುತ್ತಿದ್ದದ್ದು ಹರಿಗೋಲಿನಲ್ಲಿ. ದಡದಲ್ಲಿ ಒಂದು ದರ ಹೇಳಿ, ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿ ಇನ್ನೊಂದು ದರ ಕೇಳುವ ಅಂಬಿಗನನ್ನು ಯಾವ ಊರೂ ಇಟ್ಟುಕೊಳ್ಳುತ್ತಿರಲಿಲ್ಲ. ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಕೂರಿಸಿದ ಪರಂಪರೆ ನಮ್ಮದು. ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದೂ ಕಾಯಕ ಎಂದು ಆಗಲೇ ಒಪ್ಪಿಕೊಂಡಾಗಿದೆ. ಹಾಗಾಗಿ ಆಟೋದವನ ಮಾತು ನಮ್ಮ ಪತ್ರಿಕೆಗೆ ಸಂಬಂಧವಿಲ್ಲದ್ದು ಎನ್ನುವ ಹಾಗಿಲ್ಲ.

ಇನ್ನೊಂದು ಕಾರಣವಿದೆ. ಆ ಅಜ್ಜಿಯ ಸೊಸೆ ಅವರೂರಿನ ಅಕ್ಕನ ಬಳಗದಲ್ಲಿ ಓಡಾಡುವ ಹೆಣ್ಣುಮಗಳು. ಬರುವ ಶ್ರಾವಣದಲ್ಲಿ ನಲವತ್ತು ಜನ ಸೇರಿ ಕೂಡಲಸಂಗಮ, ಅಮರೇಶ್ವರ, ಮಸ್ಕಿ, ಮುದಗಲ್ ನೋಡುವ ಯೋಜನೆ ಇತ್ತಂತೆ. ಈ ಸಲ ಮೊದಲೇ ಬಂದದ್ದು ದಾರಿ, ವಸತಿ ತಿಳಿದುಕೊಳ್ಳಲು. ಮೊನ್ನೆ ಫೋನ್ ಮಾಡಿ ಕೇಳಿದೆ. "ಈಗ ಸಂಗಮಕ್ಕಷ್ಟೇ ಹೋಗಿ ಬರೋದು ಅಂತ ಮಾಡೇವ್ರಿ" ಎಂದರು. ಕೋಪದ ಮಾತಲ್ಲ, ಸಂಕೋಚದಿಂದಲೇ ಹೇಳಿದರು. ನಲವತ್ತು ಊಟ ಖಾನಾವಳಿಯವರಿಗೆ ತಪ್ಪಿತು. ಗುಡಿಯ ಮುಂದೆ ಹೂವು ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳಿಗೆ, ಚಹಾದಂಗಡಿಗೆ, ನಮ್ಮ ಮಠದ ಪುಸ್ತಕದ ಕಪಾಟಿಗೆ ತಪ್ಪಿತು. ನಿಲ್ದಾಣದಲ್ಲಿ ಸರದಿಗೆ ನಿಂತ ಉಳಿದ ಆಟೋ, ಟಂಟಂ, ಕ್ರೂಸರ್‌ನವರಿಗೂ ತಪ್ಪಿತು. ಒಬ್ಬನ ಜೇಬಿಗೆ ಹೋದ ಒಂಬೈನೂರು ಇಷ್ಟು ಜನರ ಜೇಬಿನಿಂದ ಹೋಯಿತು. ಇವರಾರಿಗೂ ಅದು ಗೊತ್ತೇ ಇಲ್ಲ.

ನಮ್ಮ ಸೀಮೆಗೆ ಪ್ರವಾಸಿಗರು ಬರಲು ಏನಿದೆ ಎಂದು ನಾವೇ ಕೀಳಾಗಿ ಮಾತನಾಡುವ ರೂಢಿ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಮಸ್ಕಿಯಲ್ಲಿ ಒಂದು ಬಂಡೆಯ ಬರಹವನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತೇ ಹೊರತು ಹೆಸರಿರಲಿಲ್ಲ. ಆ ಅರಸ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ನಮ್ಮ ಮಸ್ಕಿಯಿಂದ. ದಾರಿಹೋಕರಿಗೆ ನೆರಳಿನ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಬೇರೆ ಶಾಸನದಲ್ಲಿ ಹೇಳಿಕೊಂಡವನು ಅದೇ ಅಶೋಕ. ಮುದಗಲ್ಲಿನಲ್ಲಿ ಕೋಟೆ ಇದೆ, ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ ಇದೆ, ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುವ ಗಣಿ ಇದೆ. ಆದರೆ ಇವೆಲ್ಲ ಒಂದೇ ಬಸ್ಸಿನ ದಾರಿಯಲ್ಲಿಲ್ಲ. ಹೊರಗಿನಿಂದ ಬಂದವರು ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿಗೆ ಬಾಡಿಗೆ ಗಾಡಿಯನ್ನೇ ಹಿಡಿಯಬೇಕು. ಹಂಪಿಗೆ ಆ ಚಿಂತೆ ಕಡಿಮೆ. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು ಅದು, ಅದರ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲೂ ಇದೆ. ಅಲ್ಲಿ ಆಟೋದವರ ಮೇಲೆ ಬೇಸರಪಟ್ಟು ಹೋದವರ ಜಾಗಕ್ಕೆ ಮರುದಿನ ಹೊಸಬರು ಬರುತ್ತಾರೆ. ಗುರುಗುಂಟಾಕ್ಕೆ ಬಂದು ಬೇಸರಪಟ್ಟು ಹೋದವರ ಜಾಗಕ್ಕೆ ಯಾರೂ ಬರುವುದಿಲ್ಲ.

ಈ ರೋಗ ನಮ್ಮೊಬ್ಬರದಲ್ಲ. ಗೋವಾದಲ್ಲಿ ಟ್ಯಾಕ್ಸಿ ಮೀಟರಿನ ಜಗಳ ಹೈಕೋರ್ಟಿನವರೆಗೆ ಹೋಗಿದೆ. 2018ರಲ್ಲಿ ಅಲ್ಲಿ ಗೋವಾಮೈಲ್ಸ್ ಎಂಬ ಆ್ಯಪ್ ಬಂದಾಗ ಸ್ಥಳೀಯ ಟ್ಯಾಕ್ಸಿಯವರು ತಿರುಗಿ ನಿಂತರು. ಬೆಂಗಳೂರಿನಲ್ಲಿ ಇದು ಬೇರೆ ರೂಪದಲ್ಲಿ ಬಂತು. ಆಟೋಗೆ ಮೊದಲ 2 ಕಿಲೋಮೀಟರಿಗೆ ಸರ್ಕಾರದ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳಲ್ಲಿ 100 ರೂಪಾಯಿ ಕೀಳುತ್ತಾರೆ ಎಂಬ ದೂರು ಎದ್ದು, 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಓಲಾ, ಉಬರ್, ರ್ಯಾಪಿಡೋ ಕಂಪನಿಗಳಿಗೆ ಆಟೋ ಸೇವೆ ನಿಲ್ಲಿಸಲು ನೋಟಿಸು ಕೊಟ್ಟಿತು. ಆ ನೂರರಲ್ಲಿ ಒಂದು ಪಾಲು ಕಂಪನಿಗೆ ಹೋಗುತ್ತಿತ್ತು, ಬೈಗುಳವಷ್ಟೂ ಚಾಲಕನಿಗೆ. ಆಟೋ ಚಾಲಕರೇ ಮುಂದೆ ಬಂದು ಕಮಿಷನ್ ಇಲ್ಲದ ನಮ್ಮ ಯಾತ್ರಿ ಆ್ಯಪಿಗೆ ಕೈಜೋಡಿಸಿದ್ದು ಅದೇ ವರ್ಷ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಚಾಲಕರೆಂದರೆ ಸುಲಿಗೆಯವರು ಎಂದು ಷರಾ ಬರೆಯುವುದು ಬಹಳ ಸುಲಭ. ನನಗೆ ಆ ಸುಲಭದ ದಾರಿ ಬೇಡ.

ಬೆಂಗಳೂರಿನ ಆಟೋ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ನಗರ ಟ್ಯಾಕ್ಸಿಗಳಿಗೆ 2024ರ ಆರಂಭದಲ್ಲಿ ರಾಜ್ಯಕ್ಕೆಲ್ಲ ಒಂದೇ ದರ ಗೊತ್ತುಮಾಡಿದರು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಮುಂದೆ ಕಿಲೋಮೀಟರಿಗೆ 24. ಜಿಲ್ಲೆಯಲ್ಲಿ ಆಟೋ ದರ ನಿಗದಿ ಮಾಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ ಇದೆ. ಮೀಟರ್ ಸರಿ ಇದೆಯೇ ನೋಡಿ ಮುದ್ರೆ ಹಾಕಲು ಕಾನೂನು ಮಾಪನ ಇಲಾಖೆ ಇದೆ. ಟ್ಯಾಕ್ಸಿ ಎಂಬ ಹೆಸರು ಹುಟ್ಟಿದ್ದೇ ದಾರಿ ಅಳೆದು ಬಾಡಿಗೆ ತೋರಿಸುವ ಆ ಮೀಟರಿನಿಂದ. ನಮ್ಮ ತಾಲೂಕಿನ ಆಟೋದಲ್ಲಿ ಮೀಟರ್ ಓಡಿದ್ದನ್ನು ನಾನಂತೂ ನನ್ನ ಜನ್ಮದಲ್ಲಿ ಕಂಡಿಲ್ಲ.

ಇನ್ನು ಲಕ್ಕಮ್ಮನವರ ಮಾತಿಗೆ ಬರುತ್ತೇನೆ. ಕಥೆ ನಿಮಗೆಲ್ಲ ಗೊತ್ತಿರುವುದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ, ಅದರಲ್ಲೇ ಅಡುಗೆ ಮಾಡಿ ಬಂದ ಜಂಗಮರಿಗೆ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದರು.

ಈ ಕಥೆಯನ್ನು ನಾವು ವೇದಿಕೆಗಳ ಮೇಲೆ ಎಷ್ಟು ಸಲ ಹೇಳಿದ್ದೇವೆಂದರೆ ಅದರ ಮೊನೆ ಸವೆದಿದೆ. ಒಂದು ಸಲ ನಿಂತು ನೋಡಿ. ಆ ಅಕ್ಕಿ ಕದ್ದದ್ದಲ್ಲ. ಯಾರನ್ನೂ ಹೆದರಿಸಿ ಪಡೆದದ್ದಲ್ಲ. ನೆಲಕ್ಕೆ ಬಿದ್ದದ್ದು, ಕೇಳುವವರಿಲ್ಲದ್ದು. ಮನೆಯಲ್ಲಿ ಬಡತನವಿತ್ತು. ಉಪಯೋಗವೂ ಒಳ್ಳೆಯದಕ್ಕೇ ಆಗುತ್ತಿತ್ತು, ದಾಸೋಹಕ್ಕೆ. ನಾವು ಇಂದು ಹೆಚ್ಚು ತೆಗೆದುಕೊಳ್ಳುವುದಕ್ಕೆ ಕೊಡುವ ಎಲ್ಲ ನೆಪಗಳೂ ಲಕ್ಕಮ್ಮನವರ ಮುಂದೆ ಇದ್ದವು. ಆದರೂ ಅವರು ಕೇಳಿದ್ದು ಒಂದೇ, ಇವತ್ತಿನ ಕಾಯಕಕ್ಕೆ ಸಲ್ಲುವುದೆಷ್ಟು ಎಂದು. ಅಂಥ ಹೆಣ್ಣುಮಗಳ ಊರನ್ನು ನೋಡಲು ಬಂದ ಮುದುಕಿಯ ಚೀಲ ಹಿಡಿದುಕೊಂಡು ಒಂಬೈನೂರು ಹೆಚ್ಚಿಗೆ ಕಿತ್ತರೆ, ಆ ಊರಿನಲ್ಲಿ ಇನ್ನು ನೋಡಲು ಏನುಳಿಯಿತು?

ಇಷ್ಟು ಬರೆದು ಅಚ್ಚಿಗೆ ಕೊಟ್ಟುಬಿಡಬಹುದಿತ್ತು. ಆದರೆ ಆ ಚಾಲಕನನ್ನು ಕಾಣದೆ ಬರೆಯುವುದು ಸರಿಯಲ್ಲ ಎನ್ನಿಸಿತು. ಹುಡುಗಿ ಗಾಡಿಯ ನಂಬರ್ ಬರೆದುಕೊಂಡಿದ್ದಳು, ಹುಡುಕುವುದು ಕಷ್ಟವಾಗಲಿಲ್ಲ. ನೋಡಿದರೆ ಪರಿಚಯದ ಮನೆಯ ಹುಡುಗ. ಅವರಪ್ಪ ಪ್ರತಿ ಸುಗ್ಗಿಯಲ್ಲಿ ಮಠದ ದಾಸೋಹಕ್ಕೆ ಒಂದು ಚೀಲ ಜೋಳ ಕೊಡುವವರು. ಹುಡುಗನ ಹಣೆಯ ಮೇಲೆ ವಿಭೂತಿ, ಆಟೋದ ಗಾಜಿನ ಮೇಲೆ ಬಸವಣ್ಣನವರ ಚಿತ್ರ, ಹಿಂದುಗಡೆ ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡಿದ ಆ ಪ್ರಸಿದ್ಧ ಮಾತು. ಅದು ಆಯ್ದಕ್ಕಿ ಮಾರಯ್ಯನವರ ವಚನದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ವಿಷಯ ತೆಗೆದೆ. ಮೊದಲು ಇಲ್ಲವೆಂದ, ಆಮೇಲೆ ಸುಮ್ಮನಾದ, ಆಮೇಲೆ ಮಾತಾಡಿದ. ಗಾಡಿ ಫೈನಾನ್ಸಿನದು, ತಿಂಗಳಿಗೊಂದು ಕಂತು. ವಿಮೆ, ಎಫ್‌ಸಿ, ಪರ್ಮಿಟ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಒಳ್ಳೆಯದೇ, ಅವನ ತಾಯಿ ತಂಗಿಯೂ ಅದರಲ್ಲೇ ಓಡಾಡುತ್ತಾರೆ, ಆದರೆ ಊರೂರಿಗೆ ಹತ್ತುತ್ತಿದ್ದ ಸವಾರಿ ನಿಂತಿತು. ಹಳ್ಳಿಗೆ ಬಿಟ್ಟು ಬರುವಾಗ ಗಾಡಿ ಖಾಲಿ. ಇವೆಲ್ಲ ನಾನು ನಿರೀಕ್ಷಿಸಿದ್ದ ಮಾತುಗಳೇ. ನಿರೀಕ್ಷಿಸದಿದ್ದದ್ದು ಮುಂದಿನದು.

"ಸರ, ಹೋಗಿ ಬಂದು, ಒಂದೂವರಿ ತಾಸು ಕಾಯೋದಕ್ಕ ಆರ್ನೂರು ಹೊಂದೂದಿಲ್ರಿ. ಖರೇ ಹೇಳಬೇಕಂದ್ರ ಒಂಬೈನೂರು ಬೇಕು. ನಾ ಒಂಬೈನೂರು ಅಂದ್ರ ಬಾಜೂದಾಂವ ಆರ್ನೂರು ಅಂತಾನ, ಸವಾರಿ ಅವನ ಗಾಡಿ ಹತ್ತತೈತಿ. ಅದಕ್ಕ ನಾನೂ ಆರ್ನೂರೇ ಅಂತೀನಿ. ಉಳಿದಿದ್ದು ಹತ್ತಿಸಿಕೊಂಡ ಮ್ಯಾಲ."

ಇದನ್ನು ನಾನು ಎರಡು ಮೂರು ದಿನ ಯೋಚಿಸಿದೆ. ಸುಳ್ಳು ದರ ಹೇಳುವವನಿಗೆ ಸವಾರಿ ಸಿಗುತ್ತದೆ, ನಿಜ ಹೇಳುವವನು ಸಂಜೆಯವರೆಗೆ ನೊಣ ಹೊಡೆಯುತ್ತ ಕೂರುತ್ತಾನೆ. ಹಾಗಾದಾಗ ನಿಲ್ದಾಣದಲ್ಲಿ ಉಳಿಯುವುದು ಎಂಥವರು? ಒಳ್ಳೆಯ ಚಾಲಕರು ನಮ್ಮಲ್ಲಿ ಇಲ್ಲವೆಂದಲ್ಲ. ಮರೆತ ಚೀಲವನ್ನು ಊರು ಹುಡುಕಿಕೊಂಡು ಹೋಗಿ ಕೊಟ್ಟವರನ್ನು ನಾನು ಬಲ್ಲೆ. ಆದರೆ ದರ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆದಿರದ ಕಡೆ ಅವರ ಪ್ರಾಮಾಣಿಕತೆಯೇ ಅವರಿಗೆ ನಷ್ಟ. ಆರುನೂರೋ ಒಂಬೈನೂರೋ, ಮೊದಲೇ ತಿಳಿದಿದ್ದರೆ ಅಕ್ಕಲಕೋಟೆಯವರು ಒಂಬೈನೂರನ್ನೂ ನಗುತ್ತಲೇ ಕೊಡುತ್ತಿದ್ದರು. ಅವನೂ ಅವರ ಚೀಲವನ್ನು ಒತ್ತೆ ಇಟ್ಟುಕೊಳ್ಳಬೇಕಿರಲಿಲ್ಲ. ಒಂಬೈನೂರು ಬೇಕಿದ್ದವನು 1,500 ತೆಗೆದುಕೊಂಡದ್ದು ಏಕೆ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡಲಿಲ್ಲ. ಮರಾಠಿ ಕೇಳಿದ ಕೂಡಲೇ ದರ ಏರುವುದು ಗೊತ್ತಿರುವ ಸಂಗತಿಯೇ. ಅವರು ಮನೆಯಲ್ಲಿ ನಮ್ಮದೇ ಕನ್ನಡ ಆಡುವವರು ಎಂದಾಗ ಮಾತ್ರ ಅವನ ಮುಖ ಸ್ವಲ್ಪ ಇಳಿಯಿತು. ಅದೂ ನನಗೆ ಹಿಡಿಸಲಿಲ್ಲ. ಮರಾಠಿಯವರೇ ಆಗಿದ್ದರೆ ಸರಿಯಾಗುತ್ತಿತ್ತೇನು?

ಏಳುವ ಹೊತ್ತಿಗೆ ಅವನು ಇನ್ನೊಂದು ಮಾತು ಹೇಳಿದ. ಬರೆಯಲು ನನಗೆ ಕಷ್ಟವಾದ ಮಾತು ಅದೇ. "ಸರ, ನಮಗ ಬೋರ್ಡ್ ಹಾಕ್ರಿ ಅಂತೀರಿ, ಹಾಕ್ತೀವಿ. ಜಾತ್ರ್ಯಾಗ ಮಠದಾಗ ಖೋಲಿಗೆ ಎಷ್ಟು ತಗೋತಾರ? ಪಾದಪೂಜಿಗೆ ಎಷ್ಟು? ಮನಿ ನೋಡಿ, ಕಾರ್ ನೋಡಿ ಹೇಳೂದಿಲ್ಲೇನ್ರಿ? ಅದಕ್ಕ ಎಲ್ಲೈತಿ ಬೋರ್ಡು?"

ಅವನ ಬಾಯಿ ಮುಚ್ಚಿಸಲು ನನ್ನಲ್ಲಿ ಉತ್ತರಗಳಿದ್ದವು. ಮಠ ಅನ್ನ ಹಾಕುತ್ತದೆ, ಹಾಸ್ಟೆಲ್ ನಡೆಸುತ್ತದೆ, ಕಾಣಿಕೆ ಎಂದರೆ ಮನಸ್ಸಿನಿಂದ ಕೊಟ್ಟದ್ದು, ಬಾಡಿಗೆಯಲ್ಲ. ಇವೆಲ್ಲ ನಿಜ. ಆದರೆ ಅವನು ಕೇಳಿದ್ದೂ ನಿಜ. ಜಾತ್ರೆಯ ಮೂರು ದಿನ ಯಾತ್ರಿನಿವಾಸದ ಕೋಣೆಯ ದರ ಎಲ್ಲೆಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ನಾವು ಕಂಡೂ ಬರೆದಿಲ್ಲ. ಕಾರಿನಲ್ಲಿ ಬಂದವರಿಗೆ ಒಂದು ಮೊತ್ತ, ನಡೆದು ಬಂದವರಿಗೆ ಇನ್ನೊಂದು ಎಂಬುದು ನಮ್ಮ ಮಠಗಳಲ್ಲಿ ಎಲ್ಲಿಯೂ ಇಲ್ಲ ಎಂದು ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ? ಕಾಯಕದ ಕಟ್ಟಳೆಯಿಂದ ಗುರುವಿಗೂ ಜಂಗಮಕ್ಕೂ ಬಿಡುಗಡೆ ಇಲ್ಲ ಎಂದು ಖಡಾಖಂಡಿತ ಹೇಳಿದವರು ನುಲಿಯ ಚಂದಯ್ಯನವರು. ಆ ಹುಡುಗ ತನ್ನ ತಪ್ಪನ್ನು ಮುಚ್ಚಲು ನಮ್ಮ ತಪ್ಪನ್ನು ಎತ್ತಿದ, ಒಪ್ಪುತ್ತೇನೆ. ಅದರಿಂದ ಅವನ ತಪ್ಪು ಸಣ್ಣದಾಗುವುದಿಲ್ಲ. ನಮ್ಮದೂ ಸಣ್ಣದಾಗುವುದಿಲ್ಲ.

ಇದನ್ನೆಲ್ಲ ನಮ್ಮ ಪೂಜ್ಯರ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದ್ದು, "ಬೋರ್ಡಿಗೆ ಎಷ್ಟು ಖರ್ಚಾಗುತ್ತದೆ?" ಎಂದು.

ನಾವು ಮಾಡಬೇಕೆಂದಿರುವುದು ದೊಡ್ಡದೇನಲ್ಲ. ಮಠದ ಹೆಬ್ಬಾಗಿಲಿನ ಬಳಿ ಒಂದು ಬೋರ್ಡು. ಅದರ ಬಲಗಡೆ ಇಲ್ಲಿಂದ ಅಮರೇಶ್ವರಕ್ಕೆ, ಮಸ್ಕಿಗೆ, ಮುದಗಲ್ಲಿಗೆ, ಹಟ್ಟಿಗೆ ಆಟೋ ಮತ್ತು ಕ್ರೂಸರ್ ಬಾಡಿಗೆ. ಹೋಗಿ ಬರುವುದಕ್ಕೆ ಎಷ್ಟು, ತಾಸಿಗೆ ಕಾಯುವುದಕ್ಕೆ ಎಷ್ಟು, ರಾತ್ರಿಯಾದರೆ ಎಷ್ಟು ಎಂಬುದು ದೊಡ್ಡ ಅಂಕಿಯಲ್ಲಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ. ದರ ನಾವು ಹೇಳುವುದಲ್ಲ. ಚಾಲಕರೇ ಕೂತು, ಖಾಲಿ ಬರುವ ದಾರಿಯ ಇಂಧನವನ್ನೂ ಹಿಡಿದು ಲೆಕ್ಕ ಹಾಕಿ, ಸಾರಿಗೆ ಇಲಾಖೆಯವರಿಗೆ ತೋರಿಸಿ ಒಪ್ಪಿಸಿದ್ದು. ಅದಕ್ಕಿಂತ ಹೆಚ್ಚು ಕೇಳಿದರೆ ಮಠದ ಕಚೇರಿಗೆ ಹೇಳಿ, ಚೀಲ ಹಿಡಿದುಕೊಂಡರೆ 112ಕ್ಕೆ ಫೋನ್ ಮಾಡಿ ಎಂದು ಕೆಳಗೆ ಒಂದು ಸಾಲು. ಒಪ್ಪಿದ ದರಕ್ಕೆ ಓಡಿಸುವವರ ಗಾಡಿಗಳನ್ನು ಜಾತ್ರೆಯಲ್ಲಿ ಬಾಗಿಲ ಹತ್ತಿರವೇ ನಿಲ್ಲಿಸಲು ಜಾಗ. ಮಠಕ್ಕೆ ಬರುವವರೇ ಗಾಡಿ ಎಲ್ಲಿ ಸಿಗುತ್ತದೆ ಎಂದು ನಮ್ಮನ್ನು ಕೇಳುತ್ತಾರಲ್ಲ, ಆಗ ಅವರ ಕಡೆಗೆ ಕೈತೋರಿಸುತ್ತೇವೆ.

ಅದೇ ಬೋರ್ಡಿನ ಎಡಗಡೆ ಮಠದ ದರಗಳು. ಕೋಣೆಗೆ ದಿನಕ್ಕೆ ಎಷ್ಟು, ಜಾತ್ರೆಯಲ್ಲಿಯೂ ಅಷ್ಟೇ. ಪಾದಪೂಜೆಗೆ ಮೊತ್ತ ಇಲ್ಲ, ಕೇಳುವಂತಿಲ್ಲ. ಪ್ರಸಾದ ಎಲ್ಲರಿಗೂ, ಯಾವ ಹೊತ್ತಿಗೂ, ಸವಾರಿ ತಂದ ಚಾಲಕರಿಗೂ. ಈ ಕೊನೆಯದು ನನ್ನ ಸೇರ್ಪಡೆ. ಪ್ರವಾಸಿಗರು ಪಂಕ್ತಿಯಲ್ಲಿ ಕೂತು ಉಣ್ಣುವಾಗ ಅವರನ್ನು ಕರೆತಂದವನು ಹೊರಗೆ ಗಾಡಿಯಲ್ಲಿ ಬೀಡಿ ಸೇದುತ್ತ ಕೂರುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ, ಒಳಗೆ ಬಾ ಎಂದು ಒಮ್ಮೆಯೂ ಕರೆದಿಲ್ಲ.

ಬೇರೆ ಮಠಗಳ ಭಕ್ತರೂ ಈ ಸಂಚಿಕೆಯನ್ನು ಓದುತ್ತೀರಿ. ನಿಮ್ಮ ಊರಿನ ಬಾಗಿಲಿನಲ್ಲಿ ಏನು ಬರೆಸಬೇಕು ಎಂಬುದನ್ನು ನೀವೇ ನಿರ್ಧರಿಸಿ. ಬರೆಸಿದರೆ ನಮಗೊಂದು ಕಾರ್ಡು ಹಾಕಿ, ಅಚ್ಚು ಹಾಕುತ್ತೇವೆ. ಅಕ್ಕಲಕೋಟೆಯ ಅಜ್ಜಿಗೆ ಈ ಸಂಚಿಕೆ ಎಂದಿನಂತೆ ಅಂಚೆಯಲ್ಲಿ ಹೋಗುತ್ತದೆ. ಶ್ರಾವಣದ ಬಸ್ಸಿನ ದಾರಿ ಬದಲಾಗುತ್ತದೋ ಇಲ್ಲವೋ, ಒತ್ತಾಯ ಮಾಡುವ ಮುಖ ನಮಗಿಲ್ಲ.

ಚಾಲಕರ ಸಭೆ ಬರುವ ಅಮಾವಾಸ್ಯೆಯ ಸಂಜೆ ಮಠದ ಅಂಗಳದಲ್ಲಿ. ಆ ಹುಡುಗನಿಗೂ ಹೇಳಿ ಕಳಿಸಿದ್ದೇನೆ. "ಬರ್ತೀನಿ ಸರ, ಮೊದಲ ನಿಮ್ಮ ಕಡೀದು ಬರಸ್ರಿ" ಎಂದನಂತೆ. ಬೋರ್ಡನ್ನು ಪೇಂಟರಿಗೆ ಕೊಟ್ಟಿದ್ದೇವೆ. ಎಡಗಡೆಯದನ್ನೇ ಮೊದಲು ಬರೆಯಲು ಹೇಳಿದ್ದೇನೆ.